ಕೆಂದೆತ್ತಿಗೆ ಹುಷಾರಿಲ್ಲ

ಜೂನ್ 4

ಪ್ರೀತಿಯ ಅಣ್ಣನಿಗೆ,

ಫೋನು ಮಾಡಿದರೆ ನೀನು ‘ಹೂಂ’ ಅನ್ನುತ್ತೀಯ. ಸ್ವಲ್ಪ ಹೊತ್ತು ಕಾದರೆ ‘ಹೂಂ ಹೂಂ’ ಅನ್ನುತ್ತೀಯ. ಇನ್ನೂ ಕಾದರೆ ‘ಇರು, ನಿಮ್ಮತ್ತಿಗೆಗೆ ಕೊಡ್ತೀನಿ’ ಅನ್ನುತ್ತೀಯ. ಇದಕ್ಕೆ ಫೋನು ಯಾಕೆ ಬೇಕು? ಅದಕ್ಕೇ ಈ ಕಾಗದ. ಕಾಗದದ ಮೇಲೆ ‘ಹೂಂ’ ಎಂದಷ್ಟೇ ಬರೆದು ಅಂಚೆಗೆ ಹಾಕಲು ನಿನಗೂ ನಾಚಿಕೆಯಾಗುತ್ತದೆ ಎಂಬ ಧೈರ್ಯ ನನಗಿದೆ.

ನನ್ನ ಸುದ್ದಿ ಕೇಳು. ನನಗೆ ಕೊಟ್ಟಿರುವ ಸರ್ಕಾರಿ ಮನೆಯ ಸೂರು ಸೋರುತ್ತಿದೆ, ಅದೂ ಸರಿಯಾಗಿ ನನ್ನ ದಿಂಬಿನ ಮೇಲೆ. ಪಶು ಆಸ್ಪತ್ರೆಯ ಕಾಂಪೌಂಡರ್ ಹಸುಗಳಿಗೆ ಹೆದರುತ್ತಾನೆ. ಮೇಲಧಿಕಾರಿಗೆ ವರದಿ ಬೇಕು, ಆ ವರದಿ ಯಾಕೆ ತಡವಾಯಿತು ಎಂಬುದಕ್ಕೆ ಇನ್ನೊಂದು ವರದಿ ಬೇಕು. ಮೊನ್ನೆ ಒಂದು ಎಮ್ಮೆ ನನ್ನ ಕಾಲು ತುಳಿಯಿತು. ಹೆಬ್ಬೆರಳಿನ ಉಗುರು ಕಪ್ಪಾಗಿದೆ, ಯಾರೂ ಅಯ್ಯೋ ಅನ್ನಲಿಲ್ಲ.

ನೋಡು, ಒಂದೇ ಉಸಿರಿಗೆ ಎಷ್ಟು ಹೇಳಿಬಿಟ್ಟೆ. ಈಗ ಮನಸ್ಸು ಹಗುರವಾಗಿದೆ. ನೀನೂ ಒಮ್ಮೆ ಮಾಡಿ ನೋಡು. ನೀನು ಹೇಗಿದ್ದೀಯ? ಹಸುಗಳು ಹೇಗಿವೆ ಎಂದು ನಾನು ಕೇಳಿಲ್ಲ, ಗಮನಿಸು.

ನಿನ್ನ ತಂಗಿ


ಜೂನ್ 29

ಡಾಕ್ಟ್ರಮ್ಮನಿಗೆ ಅಣ್ಣನ ಆಶೀರ್ವಾದ.

ಹಸುಗಳು ಚೆನ್ನಾಗಿವೆ. ಬೆಳ್ಳಿ ಗಬ್ಬವಾಗಿದ್ದಾಳೆ. ಉಳಿದವು ಹಾಲು ಕೊಡುತ್ತಿವೆ.

ನಿನ್ನ ಕಾಗದವನ್ನು ನಿಮ್ಮತ್ತಿಗೆ ಜೋರಾಗಿ ಓದಿದಳು, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಪ್ಪ ಭಾಗ ಮಾಡಿದಾಗ ಹೊಲ ಕೊಟ್ಟಿಗೆ ನನಗೆ ಬಂದವು, ಮನೆಯ ಗೊಣಗಾಟವೆಲ್ಲ ನಿನ್ನ ಪಾಲಿಗೆ ಬಂತು. ಅದರಲ್ಲಿ ನಾನು ಪಾಲು ಕೇಳುವುದಿಲ್ಲ, ನೀನೇ ಅನುಭವಿಸು.

ಇಲ್ಲಿ ಗೊಣಗಿದವರ ಗತಿ ನಿನಗೆ ಗೊತ್ತಲ್ಲ. ಗೋಳಪ್ಪನನ್ನೇ ನೋಡು. ಡೇರಿಯ ಮುಂದೆ ಹಾಲಿನ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದವನು ಒಂದು ದಿನ ‘ಯಾಕೋ ಸೊಂಟ ನೋಯ್ತಿದೆ ಕಣ್ರೋ’ ಅಂದ. ಅಷ್ಟೇ ಅಂದದ್ದು. ಈಗ ಅವನ ನಿಜವಾದ ಹೆಸರು ಅವನ ಹೆಂಡತಿಗೂ ಮರೆತುಹೋಗಿರಬೇಕು. ಮೊನ್ನೆ ಮೇಲಿನ ಹೊಲದವನ ಬೆರಳು ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿತು. ಬಟ್ಟೆ ಸುತ್ತಿಕೊಂಡು ಬಂದು ಸಾಲಿನಲ್ಲಿ ನಿಂತ. ಏನಾಯ್ತು ಅಂತ ಕೇಳಿದರೆ ‘ಏನಿಲ್ಲ, ಯಂತ್ರಕ್ಕೇನೂ ಆಗಿಲ್ಲ’ ಅಂದ. ನಾವೂ ‘ಸದ್ಯ’ ಅಂದು ಕ್ಯಾನು ಮುಂದೆ ಸರಿಸಿದೆವು.

ಒಂದು ವಿಷಯ ಕೇಳಬೇಕಿತ್ತು. ನಮ್ಮಲ್ಲಿ ಒಂದು ಕೆಂದೆತ್ತು ಇದೆ. ನೀನು ಈಚೆಗೆ ನೋಡಿಲ್ಲ. ವಯಸ್ಸಾಗಿದೆ, ಆದರೆ ಮುದಿಯಲ್ಲ. ಅದರ ಬಲ ಮುಂಗಾಲಿನಲ್ಲಿ ಹಿಡಿತ ತಪ್ಪಿದೆ. ಗಾಯವಿಲ್ಲ, ಊತವಿಲ್ಲ. ಹೆಗಲ ಹತ್ತಿರ ಚರ್ಮ ಆಗಾಗ ಅದುರುತ್ತದೆ, ನೊಣ ಕೂತಾಗ ಅದುರುವ ಹಾಗೆ. ಆದರೆ ಅಲ್ಲಿ ನೊಣ ಇರುವುದಿಲ್ಲ. ಇದೇನು ಅಂತ ಪುರುಸೊತ್ತಾದಾಗ ಬರೆ. ಅವಸರವೇನಿಲ್ಲ.

ನಿನ್ನ ಅಣ್ಣ


ಜುಲೈ 11

ಅಣ್ಣ,

ನೀನು ಹೇಗಿದ್ದೀಯ ಎಂದು ಕೇಳಿದರೆ ಎತ್ತು ಹೇಗಿದೆ ಎಂದು ಎರಡು ಪುಟ ಬರೆದಿದ್ದೀಯ. ನಿನ್ನನ್ನು ಏನು ಮಾಡುವುದೋ ತಿಳಿಯದು. ಟ್ರಾಕ್ಟರ್ ಬಂದ ಮೇಲೂ ಎತ್ತು ಕಟ್ಟುವ ಚಪಲ ಬೇರೆ.

ಎತ್ತಿನ ಕಾಲಿನಲ್ಲಿ ಹಿಡಿತ ಎಂದರೇನು? ಅದೇನು ಮುಂಗಾಲಿನಲ್ಲಿ ಕುಡುಗೋಲು ಹಿಡಿಯುತ್ತದೆಯೇ? ಭಾರ ಊರಲು ಆಗುತ್ತಿಲ್ಲ ಎಂದು ಹೇಳುತ್ತಿದ್ದೀ ಎಂದುಕೊಳ್ಳುತ್ತೇನೆ. ಲವಣಗಳ ಕೊರತೆ ಇರಬಹುದು. ಒಂದು ಪುಡಿ ಕಳಿಸುತ್ತಿದ್ದೇನೆ, ದಿನಾ ಎರಡು ಹಿಡಿ ನೀರಿನಲ್ಲಿ ಕಲಸಿ ಕುಡಿಸು. ಕೆಲಸ ಕಡಿಮೆ ಮಾಡಿಸು. ನುಣ್ಣನೆಯ ನೆಲದಲ್ಲಿ ನಡೆಸಬೇಡ.

ನಿನ್ನ ಅಕ್ಷರ ಯಾಕೋ ಕೋಳಿ ಕೆದರಿದ ಹಾಗಿತ್ತು. ಕೊಟ್ಟಿಗೆಯಲ್ಲಿ ಕೂತು ತೊಡೆಯ ಮೇಲೆ ಇಟ್ಟುಕೊಂಡು ಬರೆದೆಯೇನು? ಮೇಷ್ಟ್ರು ನೋಡಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ನಿನ್ನ ತಂಗಿ


ಸೆಪ್ಟೆಂಬರ್ 18

ಡಾಕ್ಟ್ರಮ್ಮನಿಗೆ,

ನಿನ್ನ ಉಗುರು ಬಿದ್ದು ಹೊಸದು ಬಂತೇ? ಇಲ್ಲಿ ನಾವು ಅಯ್ಯೋ ಅಂದಿದ್ದೇವೆ, ಲೆಕ್ಕಕ್ಕೆ ಹಿಡಿದುಕೋ.

ಪುಡಿ ತಲುಪಿತು. ಎರಡು ಹಿಡಿ ಜಾಸ್ತಿಯಾಗುತ್ತದೆ. ಇದು ಸಣ್ಣ ಎತ್ತು, ಅರ್ಧ ಚಮಚ ಸಾಕಲ್ಲವೇ? ಅಷ್ಟಕ್ಕೇ ಮುಖ ಸಿಂಡರಿಸುತ್ತದೆ. ಬಾಯೆಲ್ಲ ಸುಣ್ಣ ಸುಣ್ಣ.

ಗುಣ ಕಾಣಲಿಲ್ಲ. ಬಲಗಡೆ ಹೆಗಲಿನ ಮಾಂಸ ಇಳಿದಿದೆ. ಎಡಗಡೆಯೂ ಅದುರಲು ಶುರುವಾಗಿದೆ. ಸಮನೆಲದಲ್ಲೇ ಎಡವುತ್ತದೆ, ಎಡವಿ ಯಾರಾದರೂ ನೋಡಿದರೇನೋ ಅಂತ ಆಚೆ ಈಚೆ ನೋಡುತ್ತದೆ. ನೀರು ಕುಡಿಯುವಾಗ ಕೆಮ್ಮು ಬರುತ್ತದೆ. ನೋವು ಇಲ್ಲ. ಕಣ್ಣು ಚುರುಕಾಗಿದೆ, ಎಲ್ಲ ತಿಳಿಯುತ್ತದೆ. ಕೆಲಸ ಬಿಟ್ಟಿಲ್ಲ, ನಿಧಾನವಾಗಿ ಮಾಡುತ್ತದೆ.

ಇದು ಮುಂದೆ ಏನಾಗುತ್ತದೆ? ಮುಚ್ಚುಮರೆ ಇಲ್ಲದೆ ಬರೆ. ಎತ್ತಿಗೇನು ಓದಲು ಬರುವುದಿಲ್ಲವಲ್ಲ.

ನಿನ್ನ ಅಣ್ಣ


ಅಕ್ಟೋಬರ್ 2

ಅಣ್ಣ,

ಇಲ್ಲಿ ಕಾಲುಬಾಯಿ ರೋಗ ಹಬ್ಬಿದೆ. ಬೆಳಗಿನಿಂದ ಸಂಜೆಯವರೆಗೆ ಸೂಜಿ ಹಿಡಿದು ಕೈ ಮರಗಟ್ಟಿದೆ. ಅದಕ್ಕೇ ಚುಟುಕಾಗಿ ಬರೆಯುತ್ತೇನೆ, ಕೋಪ ಮಾಡಿಕೊಳ್ಳಬೇಡ.

ನೀನು ಬರೆದದ್ದನ್ನು ನೋಡಿದರೆ ಅದಕ್ಕೆ ನರ ಸಾಯುವ ರೋಗ. ಎತ್ತುಗಳಲ್ಲಿ ನಾನು ಹೀಗೆ ನೋಡಿಲ್ಲ, ಆದರೆ ಲಕ್ಷಣ ಅದೇ. ಹೋದ ಮಾಂಸ ತಿರುಗಿ ಬರುವುದಿಲ್ಲ. ಇವತ್ತು ಕಾಲು, ನಾಳೆ ಕುತ್ತಿಗೆ, ಆಮೇಲೆ ನಾಲಿಗೆ, ಕೊನೆಗೆ ಉಸಿರು. ಔಷಧಿ ಇಲ್ಲ. ಪುಡಿ ನಿಲ್ಲಿಸು, ದಂಡ.

ಬೇಜಾರು ಮಾಡಿಕೊಳ್ಳಬೇಡ, ಆದರೆ ದುಡಿಯದ ಪ್ರಾಣಿಗೆ ಮೇವು ಹಾಕಿ ನರಳಿಸುವುದು ಕರುಣೆಯಲ್ಲ. ಪೂರ್ತಿ ಬೀಳುವ ಮುಂಚೆ ಹೇಳು, ನಾನೇ ಬರುತ್ತೇನೆ. ಒಂದು ಸೂಜಿ ಸಾಕು, ಅದಕ್ಕೆ ತಿಳಿಯುವುದೂ ಇಲ್ಲ.

ನಿನ್ನ ತಂಗಿ


ಅಕ್ಟೋಬರ್ 20

ಡಾಕ್ಟ್ರಮ್ಮನಿಗೆ,

ಸ್ಪಷ್ಟವಾಗಿ ಬರೆದದ್ದು ಒಳ್ಳೆಯದಾಯಿತು. ಪುಡಿ ನಿಲ್ಲಿಸಿದೆ.

ಸೂಜಿ ಬೇಡ. ಇನ್ನೂ ಎದ್ದು ಓಡಾಡುತ್ತದೆ. ಹೆಚ್ಚು ತಿನ್ನುವುದಿಲ್ಲ. ಒಂದು ಮೂಲೆಯಲ್ಲಿ ಇರಲಿ, ಯಾರಿಗೂ ಅಡ್ಡ ಬರುವುದಿಲ್ಲ.

ನಿನ್ನ ಕೈಗೆ ಬಿಸಿನೀರು ಹಾಕಿಕೋ.

ಅಣ್ಣ


ನವೆಂಬರ್ 9

ಪ್ರೀತಿಯ ನಾದಿನಿಗೆ,

ನಿನಗೆ ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ. ನಿನ್ನೆ ಅಡುಗೆಮನೆಯ ಮೇಲಟ್ಟ ಒರೆಸುವಾಗ ಒಂದು ಪುಡಿಯ ಡಬ್ಬಿ ಸಿಕ್ಕಿತು. ಮೇಲೆ ಎತ್ತಿನ ಚಿತ್ರವಿತ್ತು, ಒಳಗೆ ನಮ್ಮ ಮನೆಯ ಚಮಚವಿತ್ತು. ನಿಮ್ಮಣ್ಣನನ್ನು ಕೇಳಿದೆ. ‘ನಮ್ಮ ಡಾಕ್ಟ್ರಮ್ಮ ಎತ್ತಿಗೆ ಕಳಿಸಿದ್ದು’ ಅಂದರು. ‘ಯಾವ ಎತ್ತು?’ ಅಂದೆ.

ನಮ್ಮ ಕೊಟ್ಟಿಗೆಯಲ್ಲಿ ಎತ್ತು ಇಲ್ಲಮ್ಮ. ಟ್ರಾಕ್ಟರ್ ಬಂದ ವರ್ಷವೇ ಕೊನೆಯ ಜೋಡಿ ಹೋಯಿತು. ಆ ಪುಡಿಯನ್ನು ಇವರೇ ನೀರಿಗೆ ಕಲಸಿ ಕುಡಿದಿದ್ದಾರೆ.

ನನಗೆ ಗೊತ್ತಿರಲಿಲ್ಲ ಅಂತ ಹೇಳಲಾರೆ. ಅಂಗಿಯ ಗುಂಡಿ ಹಾಕಲು ಹೊತ್ತಾಗುತ್ತಿತ್ತು, ನಾನು ಹಾಕಿಕೊಡುತ್ತಿದ್ದೆ. ಬಲಗೈ ಸೋತ ಮೇಲೆ ಎಡಗೈಯಲ್ಲಿ ಹಾಲು ಕರೆದರು, ಎಡಗೈಯೂ ಸೋತ ಮೇಲೆ ‘ನಿನಗೂ ಅಭ್ಯಾಸ ಇರಲಿ’ ಅಂತ ನನಗೆ ಬಿಟ್ಟರು. ನಾನು ಕೇಳಲಿಲ್ಲ. ಕೇಳಿದರೆ ಅವರು ‘ಏನಿಲ್ಲ’ ಅನ್ನುತ್ತಾರೆ. ಆಮೇಲೆ ನಾನೂ ಏನಿಲ್ಲ ಅನ್ನುವ ಹಾಗೇ ಇರಬೇಕಾಗುತ್ತದೆ. ಕೇಳದಿದ್ದರೆ ಗುಂಡಿಯನ್ನಾದರೂ ಹಾಕಿಕೊಡಬಹುದು.

ಹೋದ ತಿಂಗಳು ಡೇರಿಯ ಮೆಟ್ಟಿಲ ಮೇಲೆ ಇವರ ಕೈಯಿಂದ ಕ್ಯಾನು ಜಾರಿ ಹಾಲೆಲ್ಲ ಹರಿದುಹೋಯಿತಂತೆ. ಸಾಲಿನಲ್ಲಿದ್ದವರೆಲ್ಲ ಒಟ್ಟಿಗೆ ಆಕಾಶ ನೋಡಿದರಂತೆ, ಮಳೆ ಬರುತ್ತದೇನೋ ಅಂತ. ಮಾರನೆಯ ದಿನದಿಂದ ಮೇಲಿನ ಹೊಲದವನು ‘ನನ್ನ ದಾರೀಲೇ ಅಲ್ವಾ’ ಅಂತ ನಮ್ಮ ಕ್ಯಾನನ್ನೂ ಒಯ್ಯುತ್ತಾನೆ. ಅವನ ದಾರಿ ಈ ಕಡೆ ಇಲ್ಲವೇ ಇಲ್ಲ.

ನೀನು ಪುಡಿಯ ಜೊತೆಗೆ ಇನ್ನೇನು ಬರೆದಿದ್ದೆಯೋ ನನಗೆ ತಿಳಿಯದು. ಮೊದಲನೆಯದು ಬಿಟ್ಟರೆ ನಿನ್ನ ಯಾವ ಕಾಗದವನ್ನೂ ಇವರು ಓದಲು ಕೊಡಲಿಲ್ಲ. ಅಕ್ಟೋಬರಿನದನ್ನು ಕೇಳಿದ್ದಕ್ಕೆ ‘ಅವಳ ಕೈ ಮರಗಟ್ಟಿದೆಯಂತೆ ಪಾಪ’ ಅಂದರು.

ನೀನು ಬಾ.

ನಿನ್ನ ಅತ್ತಿಗೆ


ನವೆಂಬರ್ 14

ಅಣ್ಣ,

ಅತ್ತಿಗೆಯ ಕಾಗದ ಬಂತು. ಕಾಲುಬಾಯಿ ರೋಗ ಹಾಳಾಗಿ ಹೋಗಲಿ, ರಜೆ ಬರೆದು ಕೊಟ್ಟಿದ್ದೇನೆ. ಈ ಕಾಗದ ನಾನು ಬರುವ ಮುಂಚೆ ತಲುಪುತ್ತದೋ ಇಲ್ಲವೋ ಗೊತ್ತಿಲ್ಲ, ಆದರೂ ಬರೆಯದೆ ಇರಲು ಆಗುತ್ತಿಲ್ಲ. ಎದುರಿಗೆ ನಿಂತರೆ ನನ್ನ ಬಾಯಿಂದ ಬೈಗುಳ ಬಿಟ್ಟು ಬೇರೇನೂ ಬರುವುದಿಲ್ಲ.

ಚಿಕ್ಕವರಿದ್ದಾಗ ನೀನು ಎತ್ತಾಗುತ್ತಿದ್ದೆ. ಹಗ್ಗ ಕಟ್ಟಿದ ಹಲಗೆಯ ಮೇಲೆ ನಾನು ಕೂರುತ್ತಿದ್ದೆ, ನೀನು ಅಂಗಳ ತುಂಬ ಎಳೆಯುತ್ತಿದ್ದೆ. ಬಿಸಿಲಿಗೆ ಮುಖ ಕೆಂಪಾದರೂ ನಿಲ್ಲಿಸುತ್ತಿರಲಿಲ್ಲ. ‘ನನ್ನ ಕೆಂದೆತ್ತು ಬಂತು’ ಅಂತ ಅಮ್ಮ ನೀರು ಕೊಡುತ್ತಿದ್ದಳು. ನೀನು ಕೆಂದೆತ್ತು ಎಂದೇ ಬರೆದೆ. ಹಿಡಿತ ಎಂದು ಬರೆದೆ. ಅರ್ಧ ಚಮಚ ಎಂದು ಬರೆದೆ. ಇಷ್ಟೆಲ್ಲ ಬರೆದರೂ ನನಗೆ ಹೊಳೆಯಲಿಲ್ಲ. ನಾನು ಕುಡುಗೋಲಿನ ಹಾಸ್ಯ ಮಾಡಿದೆ.

ಸೂಜಿ ಎಂದು ಬರೆದೆ ನಾನು. ನಿನಗೆ. ದುಡಿಯದ ಪ್ರಾಣಿ ಎಂದು ಬರೆದೆ. ಅದನ್ನು ಓದಿ ನೀನು ನನ್ನ ಕೈಗೆ ಬಿಸಿನೀರು ಹಾಕಿಕೋ ಅಂದೆ.

ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ನಾನು ಹೇಳಿದ್ದು ಸುಳ್ಳಾಗಲಿ. ನನಗೆ ಎತ್ತುಗಳು ಗೊತ್ತು, ಮನುಷ್ಯರು ಗೊತ್ತಿಲ್ಲ.

ನಿನ್ನ ತಂಗಿ


ಜನವರಿ 6

ಅಣ್ಣ,

ವಾಪಸು ಬಂದು ಕೆಲಸಕ್ಕೆ ಸೇರಿದೆ. ಸೂರು ಇನ್ನೂ ಹಾಗೇ ಇದೆ. ಅದರ ಬಗ್ಗೆ ಮಾತಾಡಲು ನನಗೀಗ ಬಾಯಿಲ್ಲ.

ಆಸ್ಪತ್ರೆಯ ಓಣಿಯಲ್ಲಿ ಎಲ್ಲರ ಎದುರು ನಿನ್ನ ಮೇಲೆ ಕೂಗಾಡಿದ್ದಕ್ಕೆ ತಪ್ಪಾಯಿತು ಅನ್ನುವುದಿಲ್ಲ. ನೀನೇ ಹೇಳು, ಅಷ್ಟು ದೂರ ಹೋಗಿ, ಅಷ್ಟು ಹೊತ್ತು ಬೆಂಚಿನ ಮೇಲೆ ಕಾದು, ಆ ಡಾಕ್ಟರು ‘ಏನ್ ತೊಂದ್ರೆ?’ ಅಂತ ಕೇಳಿದಾಗ ನೀನು ಏನಂದೆ? ‘ಅಂಥದ್ದೇನಿಲ್ಲ ಸಾರ್’ ಅಂದೆ. ‘ಅಂಗಿ ಗುಂಡಿ ಹಾಕ್ಕೊಳ್ಳೋಕೆ ಆಗುತ್ತಾ?’ ಅಂದಾಗ ‘ಹಾಕ್ಕೋತೀನಿ’ ಅಂದೆ. ಅತ್ತಿಗೆ ಪಕ್ಕದಲ್ಲೇ ನಿಂತಿದ್ದರು, ಬೆಳಿಗ್ಗೆ ಅವರೇ ಹಾಕಿದ ಗುಂಡಿಗಳು. ‘ನುಂಗೋಕೆ?’ ಅಂದರೆ ‘ನಡೆಯುತ್ತೆ’. ಡಾಕ್ಟರು ‘ಪರವಾಗಿಲ್ವೇ, ಇನ್ನೂ ಶುರುವಿನ ಹಂತ’ ಅಂತ ಬರೆದುಕೊಂಡರು. ನಾನು ನಡುವೆ ಬಾಯಿ ಹಾಕದಿದ್ದರೆ ಮುಂದೆ ನುಂಗಲಾಗದಿದ್ದರೆ ಹೊಟ್ಟೆಗೆ ಹಾಕುವ ಊಟದ ನಳಿಗೆಯ ವಿಷಯವನ್ನೂ ಹೇಳದೆ ಕಳಿಸಿಬಿಡುತ್ತಿದ್ದರು. ಹೊರಗೆ ಬಂದು ನೀನು ಅತ್ತಿಗೆಗೆ ಹೇಳಿದೆ, ‘ಪಾಪ, ಅವರಿಗೂ ಎಷ್ಟು ಜನ ನೋಡೋರಿದ್ದಾರೆ’. ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು.

ಪರೀಕ್ಷೆಗಳಾದ ಮೇಲೆ ಅವರು ಹೇಳಿದ್ದು ನಾನು ಅಕ್ಟೋಬರಿನಲ್ಲಿ ಬರೆದದ್ದೇ. ಸೂಜಿಯ ಮಾತೊಂದು ಬಿಟ್ಟು. ಅಷ್ಟು ಓದಿದವರು, ಅಷ್ಟು ಯಂತ್ರಗಳು, ನನ್ನ ಆ ಹಾಳು ಕಾಗದಕ್ಕಿಂತ ಒಂದು ಸಾಲೂ ಮುಂದೆ ಹೋಗಲಿಲ್ಲ.

ನಾಲಿಗೆಯೂ ಹೋಗುತ್ತದೆ ಅಣ್ಣ. ಅಷ್ಟರೊಳಗೆ ಒಂದೇ ಒಂದು ಸಲ ನಿನ್ನ ಬಾಯಿಂದ ನಿನ್ನ ಕಷ್ಟ ಕೇಳಬೇಕು ನಾನು. ಹಸುವಿನದ್ದಲ್ಲ, ಎತ್ತಿನದ್ದಲ್ಲ. ‘ನನಗೆ’ ಎಂದು ಶುರುಮಾಡಿ ಬರೆಸು. ಯಾಕೆ ಹೇಳುವುದಿಲ್ಲ ನೀವೆಲ್ಲ? ಹೇಳಿದರೆ ಯಾರು ಏನು ಮಾಡುತ್ತಾರೆ?

ನಿನ್ನ ತಂಗಿ


ಫೆಬ್ರವರಿ 3

ಡಾಕ್ಟ್ರಮ್ಮನಿಗೆ,

ನಾನು ಹೇಳುವುದು, ಬರೆಯುವುದು ನಿಮ್ಮತ್ತಿಗೆ. ಇವಳ ಅಕ್ಷರ ನೋಡಿ ಮೇಷ್ಟ್ರು ಬೆಂಚಿನಿಂದ ಇಳಿಸಬಹುದು.

ನೀನು ಕೂಗಾಡಿದ್ದಕ್ಕೆ ನನಗೆ ಬೇಜಾರಾಗಲಿಲ್ಲ. ಬೆಂಚಿನ ಮೇಲಿದ್ದವರೆಲ್ಲ ನಿನ್ನನ್ನೇ ನೋಡುತ್ತಿದ್ದರು, ನನಗೆ ಸ್ವಲ್ಪ ಹೆಮ್ಮೆಯೇ ಆಯಿತು.

ಯಾಕೆ ಹೇಳುವುದಿಲ್ಲ ಅಂತ ಕೇಳಿದೆ. ನಾನು ಈಗ ಕೂತಲ್ಲೇ ಕೂತಿರುವುದರಿಂದ ಯೋಚನೆ ಮಾಡಿದೆ. ಬೆಳಿಗ್ಗೆ ಎದ್ದು ‘ಮೈ ಹೇಗಿದೆ’ ಅಂತ ಕೇಳಿಕೊಂಡರೆ ಯಾರೂ ಕೊಟ್ಟಿಗೆಗೆ ಹೋಗುವುದಿಲ್ಲ. ಅದಕ್ಕೇ ಕೇಳಿಕೊಳ್ಳುವುದನ್ನು ಬಿಟ್ಟಿದ್ದೇವೆ. ಬಿಟ್ಟು ಬಿಟ್ಟು, ಬೇರೆಯವರು ಕೇಳಿದರೂ ಉತ್ತರ ಸಿಗುವುದಿಲ್ಲ. ಮಳೆಯನ್ನು ಬೈಯುತ್ತೇವೆ, ಬೆಲೆಯನ್ನು ಬೈಯುತ್ತೇವೆ, ಅದರಲ್ಲೇನೂ ಕಡಿಮೆ ಮಾಡಿಲ್ಲ. ಅವು ಎಲ್ಲರವು. ನನ್ನ ಸೊಂಟ ನನ್ನೊಬ್ಬನದು. ಅದನ್ನು ಹೇಳಿದರೆ ಕೇಳಿದವನು ಏನು ಮಾಡಬೇಕು? ತನ್ನ ಕೆಲಸ ಬಿಟ್ಟು ನನ್ನ ಕೆಲಸ ಮಾಡಬೇಕು. ಅವನಿಗೂ ಬೆಳಗಾದರೆ ಹಾಲು ಕರೆಯುವುದಿದೆ. ನಿನಗೆ ಹೇಳಿದೆ ಅಂದುಕೋ, ನೀನು ಏನು ಮಾಡುತ್ತೀ? ಅಷ್ಟು ದೂರದಲ್ಲಿ ಕೂತು ಅಳುತ್ತೀ.

ಗೋಳಪ್ಪ ಬಂದಿದ್ದ. ಊರಿನಲ್ಲಿ ಅವನೊಬ್ಬನೇ ನೇರವಾಗಿ ಕೇಳಿದ, ‘ತುಂಬಾ ಕಷ್ಟ ಆಗ್ತಿದ್ಯಾ?’ ಅಂತ. ನಾನು ‘ಏನಿಲ್ಲ’ ಅಂದೆ. ಅವನು ತಲೆ ಅಲ್ಲಾಡಿಸಿ ‘ನಿಮ್ಮ ಕೈಲಿ ಆಗಲ್ಲ ಬಿಡಿ, ಅದಕ್ಕೆ ಗುಂಡಿಗೆ ಬೇಕು’ ಅಂದು ಎದ್ದು ಹೋದ. ಅವನು ಹೇಳಿದ್ದು ಸರಿ.

ನೀನು ಹೇಳಿದ ಹಾಗೆ ‘ನನಗೆ’ ಅಂತ ಶುರುಮಾಡಿ ಬರೆಸಿದೆ. ಮುಂದಕ್ಕೆ ಹೋಗಲಿಲ್ಲ. ಹೊಡೆದು ಹಾಕಿಸಿ ಮತ್ತೆ ಬರೆಸಿದೆ, ಅಲ್ಲೇ ನಿಂತಿತು. ನಿಮ್ಮತ್ತಿಗೆ ಪೆನ್ನು ಹಿಡಿದುಕೊಂಡು ಕಾಯುತ್ತಿದ್ದಾಳೆ, ಒಲೆಯ ಮೇಲೆ ಹಾಲಿದೆ. ಇನ್ನೊಮ್ಮೆ ನೋಡೋಣ.

ಬೆಳ್ಳಿಗೆ ದಿನ ತುಂಬುತ್ತಾ ಬಂತು.

ಅಣ್ಣ


ಮಾರ್ಚ್ 12

ಅಣ್ಣ,

ನಿನ್ನ ಕಾಗದ ಇಟ್ಟುಕೊಂಡು ತುಂಬ ದಿನ ಸುಮ್ಮನಿದ್ದೆ. ನೀನು ಹೇಳಿದ್ದು ನಿಜ, ಅಳುವುದು ಬಿಟ್ಟು ಬೇರೇನೂ ನನ್ನಿಂದ ಆಗುತ್ತಿಲ್ಲ. ಬೈದು ಬಾಯಿ ಬಿಡಿಸಬಹುದು ಎಂದುಕೊಂಡಿದ್ದೆ. ಬಾಯಿ ಬಿಡಿಸಿ ಆಮೇಲೆ ಏನು ಮಾಡುತ್ತೇನೆ ಎಂದು ನಾನೂ ಯೋಚಿಸಿರಲಿಲ್ಲ.

ಮುಂದಿನ ತಿಂಗಳು ಬರುತ್ತೇನೆ. ಈ ಸಲ ಕೂಗಾಡುವುದಿಲ್ಲ.

ನಮ್ಮ ಕೆಂದೆತ್ತು ಹೇಗಿದೆ? ಮುಚ್ಚುಮರೆ ಇಲ್ಲದೆ ಬರೆಸು.

ನಿನ್ನ ತಂಗಿ


ಮಾರ್ಚ್ 30

ಡಾಕ್ಟ್ರಮ್ಮನಿಗೆ,

(ಇವರ ಮಾತು ಈಗ ನನಗೊಬ್ಬಳಿಗೇ ಅರ್ಥವಾಗುವುದು. ಎರಡು ದಿನ ಕೂತು ಹೇಳಿದರು. ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದೇನೆ, ನಾನೇನೂ ಸೇರಿಸಿಲ್ಲ. — ಅತ್ತಿಗೆ)

ಎತ್ತಿನ ವಿಷಯ ಕೇಳಿದೆಯಲ್ಲ, ಒಳ್ಳೆಯದಾಯಿತು. ಕೆಂದೆತ್ತಿಗೆ ಹುಷಾರಿಲ್ಲ.

ನಾಲ್ಕೂ ಕಾಲು ಸೋತಿವೆ. ಜೊಲ್ಲು ನಿಲ್ಲುವುದಿಲ್ಲ, ಬೇರೆಯವರು ಒರೆಸುವಾಗ ಅದಕ್ಕೆ ನಾಚಿಕೆಯಾಗುತ್ತದೆ. ಮೈ ತುರಿಸಿದರೆ ಕೆರೆದುಕೊಳ್ಳಲು ಆಗುವುದಿಲ್ಲ. ಎಲ್ಲಿ ಅಂತ ಹೇಳುವಷ್ಟರಲ್ಲಿ ತುರಿಕೆ ಬೇರೆ ಕಡೆ ಹೋಗಿರುತ್ತದೆ. ಗಂಜಿ ನುಂಗಲು ಅರ್ಧ ಬೆಳಗು ಬೇಕು, ಅಷ್ಟರಲ್ಲಿ ಅದು ತಣ್ಣಗಾಗುತ್ತದೆ. ತಣ್ಣಗಿನ ಗಂಜಿ ಅದಕ್ಕೆ ಮೊದಲಿನಿಂದಲೂ ಸೇರುವುದಿಲ್ಲ.

ಬೆಳ್ಳಿ ಕರು ಹಾಕಿದಳು. ಎತ್ತು ಒಳಗೆ ಮಲಗಿ ಅವಳು ಕೂಗಿದ್ದನ್ನು ಕೇಳಿಸಿಕೊಂಡಿತು, ಹೋಗಲು ಆಗಲಿಲ್ಲ. ಮೇಲಿನ ಹೊಲದವನು ನಮ್ಮ ಹೊಲವನ್ನೂ ಉತ್ತು ಕೊಟ್ಟ. ದೇವರಂಥವನು. ಸಾಲು ಮಾತ್ರ ಸೊಟ್ಟ ಸೊಟ್ಟ. ಕಿಟಕಿಯಿಂದ ಅದನ್ನು ನೋಡಿ ನೋಡಿ ಎತ್ತಿಗೆ ಹೊಟ್ಟೆ ಉರಿಯುತ್ತದೆ. ಇದನ್ನು ಅವನಿಗೆ ಹೇಳಬೇಡ.

ಇನ್ನೂ ಇದೆ, ಬರೆಯಲು ನಿಮ್ಮತ್ತಿಗೆ ಒಪ್ಪಿದ್ದಾಳೆ. ಹುಷಾರಿದ್ದಾಗಲೂ ಈ ಎತ್ತಿಗೆ ಬೆನ್ನು ನೋಯದ ದಿನ ಇರಲಿಲ್ಲ. ಚಳಿಯಲ್ಲಿ ಕತ್ತಲೆ ಇರುವಾಗಲೇ ಏಳುವುದು ಅದಕ್ಕೆ ಒಂದು ದಿನವೂ ಇಷ್ಟವಾಗಲಿಲ್ಲ. ಒಂದು ದಿನವೂ. ಕೈ ಸೀಳಿ ಉಪ್ಪುನೀರು ತಾಗಿದಾಗ ಕೂಗಬೇಕು ಅನ್ನಿಸುತ್ತಿತ್ತು. ನಿನ್ನ ಹಾಗೆ ಓದಿಕೊಂಡು ಎಲ್ಲಿಗಾದರೂ ಹೋಗಬೇಕು ಅಂತ ಅದಕ್ಕೂ ಆಸೆ ಇತ್ತು. ಆಮೇಲೆ ಹಾಲು ಕರೆಯುವ ಹೊತ್ತಾಯಿತು, ಮರೆತುಹೋಯಿತು.

ಕರುವಿನ ವಾಸನೆ ಚೆನ್ನಾಗಿದೆ. ನಿಮ್ಮತ್ತಿಗೆ ಅದನ್ನು ಮಂಚದ ಹತ್ತಿರ ತಂದಿದ್ದಳು.

ಎತ್ತಿಗೆ ಹೋಗುವ ಮನಸ್ಸಿಲ್ಲ. ಹಗಲು ಹೇಗೋ ಕಳೆಯುತ್ತದೆ. ಎಲ್ಲರೂ ಕೆಲಸಕ್ಕೆ ಹೋಗಿ ಮನೆ ಸುಮ್ಮನಾದಾಗ ಅದಕ್ಕೆ ತುಂಬ ಹೆದರಿಕೆಯಾಗುತ್ತದೆ.

ಏನಾದರೂ ಔಷಧಿ ಇದ್ದರೆ ಬರೆ. ಇಲ್ಲದಿದ್ದರೂ ಬರೆ.

ನಿನ್ನ ಅಣ್ಣ